ಮುಂಗೈಯ ಸಾಕ್ಷಿ

ಯಶವಂತಪುರ,
ತಾ. 10-2-1965, ಬುಧವಾರ

ಪ್ರೀತಿಯ ಮಗಳು ಗಂಗರತ್ನಳಿಗೆ,

ನಿನ್ನ ಅಪ್ಪ ಇಲ್ಲಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದ. ನೀನು ಹೇಗಿದ್ದೀಯ? ಅಳಿಯಂದಿರು ವೆಂಕಟಸ್ವಾಮಿಯವರು ಹೇಗಿದ್ದಾರೆ? ಅವರಿಗೆ ರಾತ್ರಿ ಪಾಳಿ ತಪ್ಪಿತೇ? ಅರಸೀಕೆರೆಯಲ್ಲಿ ಗಾಳಿ ಜೋರಂತೆ, ರೈಲ್ವೆ ಕ್ವಾರ್ಟರ್ಸಿನ ಬಾಗಿಲುಗಳು ನೆಟ್ಟಗೆ ಮುಚ್ಚುವುದಿಲ್ಲವಂತೆ. ನಿನಗೆ ಮಾಘ ಬಂದರೆ ಕೆಮ್ಮು ಕಟ್ಟುತ್ತದೆ. ಮೆಣಸು ಬೆಲ್ಲದ ಕಷಾಯ ಕುಡಿ, ಕಹಿ ಎಂದು ಚೆಲ್ಲಬೇಡ, ಅಲ್ಲಿ ನೋಡುವವರು ಯಾರೂ ಇಲ್ಲ ಎಂದು ನನಗೆ ಗೊತ್ತು. ಅಕ್ಷರ ದಪ್ಪಗಿದೆ, ಸಾಲುಗಳು ಬಲಕ್ಕೆ ಇಳಿಯುತ್ತಿವೆ ಎಂದು ಗಾಬರಿಯಾಗಬೇಡ. ಕುಡಿದು ಬರೆದಿಲ್ಲ, ಕಾರಣ ಮುಂದೆ ಹೇಳುತ್ತೇನೆ. ನೀನು ಈ ಮನೆಯ ಹೊಸಿಲು ದಾಟಿ ಹದಿನೈದು ತಿಂಗಳಾಯಿತು. ನಿನ್ನಿಂದ ಬಂದದ್ದು ಎರಡು ಕಾರ್ಡು. ಎರಡರಲ್ಲೂ ನಾವು ಕ್ಷೇಮ, ನೀವು ಕ್ಷೇಮವೇ ಎನ್ನುವುದು ಬಿಟ್ಟರೆ ಇನ್ನೊಂದು ಮಾತಿಲ್ಲ. ನಾನು ಬರೆದದ್ದು ಸೊನ್ನೆ, ಆದ್ದರಿಂದ ದೂರುವ ಮುಖ ನನಗಿಲ್ಲ. ನಿನ್ನ ಅಮ್ಮನ ಫೋಟೋ ವಿಷಯದಲ್ಲಿ ನಮ್ಮಿಬ್ಬರ ನಡುವೆ ಆದದ್ದನ್ನು ಬಿಡಿಸಿ ಬರೆಯಬೇಕೆಂದೇ ಇವತ್ತು ಕೂತಿದ್ದೇನೆ. ಸುತ್ತಿ ಬಳಸಿ ಹೇಳುವುದು ನನ್ನ ಚಾಳಿ, ತಾಳ್ಮೆಯಿಂದ ಓದು.

ಮೊದಲು ಸಮಾಚಾರ. ಡಿಸೆಂಬರ್ ಮೊದಲ ವಾರ ನನ್ನ ಬಲಗಣ್ಣಿನ ಪೊರೆ ತೆಗೆದರು. ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಓಡಿ ಬರುತ್ತಿದ್ದೆ, ಇಲ್ಲವೇ ಬರುತ್ತಿರಲಿಲ್ಲ. ಎರಡರಲ್ಲಿ ಯಾವುದಾಗಿದ್ದರೂ ನನಗೆ ತಡೆಯುತ್ತಿರಲಿಲ್ಲ. ಈಗ ಬೈಯಬೇಡ, ಎಲ್ಲ ಸುಸೂತ್ರವಾಗಿ ಮುಗಿದಿದೆ. ತಲೆಯ ಎರಡು ಪಕ್ಕದಲ್ಲೂ ಮರಳು ಚೀಲ ಇಟ್ಟು, ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ, ಎಂಟು ದಿನ ಅಂಗಾತ ಮಲಗಿಸಿದರು. ಕೆಮ್ಮಬಾರದು, ಸೀನಬಾರದು, ನಗಬಾರದು. ನನ್ನಂಥ ಬಾಯಿಬಡುಕನಿಗೆ ಮಾತನಾಡಬಾರದು ಎಂದದ್ದೇ ದೊಡ್ಡ ಶಿಕ್ಷೆ. ನಮ್ಮ ಸ್ಟುಡಿಯೋದ ಮುಜಫ್ಫರನ ಹೆಂಡತಿ ದಿಲ್ಶಾದ್ ದಿನವೂ ಬಸ್ಸು ಹಿಡಿದು ಬಂದು ಚಮಚದಲ್ಲಿ ರಾಗಿ ಗಂಜಿ ಕುಡಿಸಿದಳು. ನಮ್ಮ ಸ್ವಂತ ತಂಗಿಯೂ ಅಷ್ಟು ಮಾಡುತ್ತಿರಲಿಲ್ಲ, ಅವಳಿಗೊಂದು ಕಾಗದ ಹಾಕು. ಹಗಲೋ ರಾತ್ರಿಯೋ ತಿಳಿಯದ ಆ ಎಂಟು ದಿನ ನಾನು ನಿದ್ದೆಯಲ್ಲಿದ್ದೆನೋ ಎಚ್ಚರವಾಗಿದ್ದೆನೋ ಹೇಳಲಾರೆ. ನಿನ್ನ ಅಮ್ಮ ಬಂದು ಮಂಚದ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸಿಪ್ಪೆ ನನ್ನ ಹೊದಿಕೆಯ ಮೇಲೆ ಬೀಳುವ ಸದ್ದು ಕೇಳುತ್ತಿತ್ತು, ಸೊಗಡಿನ ವಾಸನೆ ಮೂಗಿಗೆ ಬರುತ್ತಿತ್ತು. ಕಾಯಿಯ ಹಸಿರು, ಅವಳ ಅರಿಶಿನ ಬಣ್ಣದ ಸೀರೆ, ಕೆಂಪು ಬಳೆ ಎಲ್ಲವೂ ಎದ್ದು ಕಾಣುತ್ತಿತ್ತು. ಮುಖವೂ ಕೈಗಳೂ ಮಾತ್ರ ಬಣ್ಣ ಹಾಕದ ಪ್ರಿಂಟಿನ ಹಾಗೆ ಬೂದಿ. ಎಷ್ಟು ಪ್ರಯತ್ನಪಟ್ಟರೂ ಅವಳ ಮೈಬಣ್ಣ ನನಗೆ ನೆನಪಾಗಲಿಲ್ಲ ರತ್ನ. ಇಪ್ಪತ್ತೆಂಟು ವರ್ಷದಿಂದ ಮುಜಫ್ಫರ್ ತೆಗೆದ ಕಪ್ಪು ಬಿಳುಪು ಫೋಟೋಗಳಿಗೆ ಹತ್ತಿ ಸುತ್ತಿದ ಕಡ್ಡಿ ಹಿಡಿದು ಬಣ್ಣ ಹಚ್ಚಿದವನು, ಊರ ಮಂದಿಯ ಮೈಬಣ್ಣವನ್ನೆಲ್ಲ ಬಾಯಿಪಾಠ ಹೇಳುವವನು, ಕಟ್ಟಿಕೊಂಡ ಹೆಂಡತಿಯ ಬಣ್ಣಕ್ಕೆ ಕತ್ತಲಲ್ಲಿ ತಡಕಾಡಿದೆ.

ಒಂಬತ್ತನೆಯ ದಿನ ಬಟ್ಟೆ ಬಿಚ್ಚಿದಾಗ ಮೊದಲು ಕಂಡದ್ದು ನರ್ಸಮ್ಮನ ಸೀರೆ. ಅಗಸ ನೀಲಿ ಜಾಸ್ತಿ ಅದ್ದಿಬಿಟ್ಟಿದ್ದಾನೆ ಎಂದುಕೊಂಡೆ. ಆಮೇಲೆ ನೋಡಿದರೆ ಗೋಡೆಯೂ ನೀಲಿ, ಹಾಸಿಗೆಯೂ ನೀಲಿ, ಡಾಕ್ಟರ ನರೆಗೂದಲೂ ನೀಲಿ. ಡಾಕ್ಟರಿಗೆ ಹೇಳಿದರೆ ನಕ್ಕರು. ಅದು ನೀಲಿಯಲ್ಲ, ಅದೇ ನಿಜವಾದ ಬಿಳುಪು, ಇಷ್ಟು ವರ್ಷ ನೀವು ಪೊರೆಯ ಹಳದಿಯೊಳಗಿಂದ ಲೋಕ ನೋಡುತ್ತಿದ್ದಿರಿ, ಹೊಸ ಕಣ್ಣು ಪಳಗುವವರೆಗೆ ಸ್ವಲ್ಪ ದಿನ ಇದು ಹೆಚ್ಚಾಗಿಯೇ ಕಾಣುತ್ತದೆ ಎಂದರು. ಜನವರಿ ಕೊನೆಗೆ ದಪ್ಪ ಕನ್ನಡಕ ಬಂತು. ಸೋಡಾ ಬುಡ್ಡಿ ಎಂದು ಬೀದಿಯ ಮಕ್ಕಳು ಆಗಲೇ ಹೆಸರಿಟ್ಟಿದ್ದಾರೆ. ಎಡಗಣ್ಣಿನ ಪೊರೆ ಇನ್ನೂ ಹಾಗೇ ಇದೆ. ಹೀಗಾಗಿ ನನಗೀಗ ಎರಡು ಲೋಕ. ಬಲಗಣ್ಣು ಮುಚ್ಚಿದರೆ ಎಲ್ಲವೂ ಚಹಾ ಬಣ್ಣ, ಸಂಜೆಯ ಬಿಸಿಲು ಇಳಿಯದೆ ನಿಂತುಬಿಟ್ಟ ಹಾಗೆ. ಎಡಗಣ್ಣು ಮುಚ್ಚಿದರೆ ಎಲ್ಲವೂ ಬೆಳಗಿನ ಜಾವ. ಮೊನ್ನೆ ಹೆಬ್ಬಾಳದ ಕೆರೆ ಏರಿಯ ಮೇಲೆ ನಿಂತು ಒಂದು ಕಣ್ಣು ಮುಚ್ಚುತ್ತ ಒಂದು ಕಣ್ಣು ತೆರೆಯುತ್ತ ಎಷ್ಟು ಹೊತ್ತು ಕಳೆದೆನೋ ತಿಳಿಯದು. ನೀರಿನ ಮೇಲೆ ಮಂಜು ತೇಲುತ್ತಿತ್ತು. ಒಂದು ಕಣ್ಣಿಗೆ ಅದು ಹಾಲು, ಇನ್ನೊಂದಕ್ಕೆ ಬೆಣ್ಣೆ ಕಾಯಿಸಿದ ತುಪ್ಪ. ಎಮ್ಮೆ ತೊಳೆಯುತ್ತಿದ್ದವನೊಬ್ಬ ಬಂದು, ಯಜಮಾನ್ರೇ ಯಾರಿಗೆ ಕಣ್ಣು ಹೊಡೀತಿದ್ದೀರಿ ಎಂದು ಕೇಳಿದ. ಈ ವಯಸ್ಸಿಗೆ ಆ ಮಾತೂ ಕೇಳಬೇಕಾಯಿತು.

ಕನ್ನಡಕ ಬಂದ ಮರುದಿನವೇ ಸ್ಟುಡಿಯೋಗೆ ಹೋಗಿದ್ದೆ. ಸ್ಟೇಷನ್ ರಸ್ತೆಯ ಕಡೆ ಇರುವ ನಮ್ಮ ಗಾಜಿನ ಪೆಟ್ಟಿಗೆ ನೆನಪಿದೆಯಲ್ಲ, ಮಾದರಿ ಫೋಟೋಗಳನ್ನು ಇಡುವುದು? ಅದರ ಮುಂದೆ ನಿಂತು ಒಂದೊಂದಾಗಿ ನೋಡಿದೆ. ಮೇಲಿನ ಸಾಲಿನ ಹಳೆಯ ಫೋಟೋಗಳು ಸರಿಯಾಗಿದ್ದವು. ಕೆಳಗಿನ ಸಾಲು ಈಚಿನ ಮೂರು ವರ್ಷದ್ದು. ಆ ಸಾಲಿನ ಮದುಮಗಳು, ಮದುಮಗ, ಪೇಟ ಕಟ್ಟಿದ ಪಟೇಲರು, ಎಲ್ಲರೂ ಉಸಿರುಕಟ್ಟಿದವರ ಹಾಗೆ ಕಂದುನೀಲಿ. ತುಟಿಯ ಸುತ್ತ, ಕಣ್ಣಿನ ಕೆಳಗೆ, ಕೆನ್ನೆಯ ನೆರಳಿನಲ್ಲಿ, ನಾನೇ ಕೈಯಾರೆ ತುಂಬಿದ ನೀಲಿ. ಎಡಗಣ್ಣಿನಲ್ಲಿ ನೋಡಿದೆ. ಎಲ್ಲರೂ ಆರೋಗ್ಯವಾಗಿ ಲಕ್ಷಣವಾಗಿ ಇದ್ದರು. ಆಗ ತಿಳಿಯಿತು. ಪೊರೆ ಬೆಳೆದಂತೆಲ್ಲ ಪ್ರತಿ ಮುಖವೂ ನನಗೆ ಹಳದಿಯಾಗಿ ಕಂಡಿದೆ. ಹಳದಿ ಹೆಚ್ಚಾಯಿತೆಂದು ನಾನು ಹಳದಿಯನ್ನು ಕಡಿಮೆ ಮಾಡುತ್ತ, ಅದನ್ನು ಕೊಲ್ಲಲು ನೀಲಿ ಬೆರೆಸುತ್ತ ಬಂದಿದ್ದೇನೆ. ಆ ದಿನಗಳಲ್ಲಿ ನಾನು ಬೈಯದ ವಸ್ತುವಿಲ್ಲ. ಟ್ಯೂಬಿನ ಬಣ್ಣ ಕಲಬೆರಕೆ, ಹತ್ತಿ ಸರಿಯಿಲ್ಲ, ಕಾಗದ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮುಜಫ್ಫರನನ್ನು ಹಿಡಿದು ಕೇಳಿದೆ, ಇಷ್ಟು ವರ್ಷದ ಸ್ನೇಹಿತ, ಪಕ್ಕದಲ್ಲೇ ಇದ್ದವನು, ನಿನ್ನ ಕಣ್ಣಿಗೇನಾಗಿತ್ತು ಎಂದು. ಅವನು ಕ್ಯಾಮೆರಾ ಒರೆಸುತ್ತಲೇ ಇದ್ದ, ತಲೆ ಎತ್ತಲಿಲ್ಲ. "ನಂಗೆ ಗೊತ್ತಿತ್ತು ಬೈರಪ್ಪ. ಹೇಳೋ ಧೈರ್ಯ ನಂಗೆ ಬರ್ಲಿಲ್ಲ, ನಿನ್ ಮಗಳಿಗೆ ಬಂತು. ಅವಳಿಗೆ ನೀನ್ ಏನ್ ಮಾಡ್ದೆ ಅಂತ ನೋಡಿದ್ನಲ್ಲ" ಎಂದ. ಮಧ್ಯಾಹ್ನದ ಗೂಡ್ಸ್ ಗಾಡಿ ಹೋಗುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು.

ಏನು ಮಾಡಿದೆ ಎಂದು ನನಗೆ ಚೆನ್ನಾಗಿ ನೆನಪಿದೆ. ನಿನಗೂ ಮರೆತಿರಲಾರದು. ಆದರೂ ನನ್ನ ಬಾಯಿಂದಲೇ ಒಮ್ಮೆ ಬರಲಿ. ನಿನ್ನ ಅಮ್ಮ ತೀರಿಕೊಂಡ ಮರುವರ್ಷ, ನಿನ್ನ ಮದುವೆಗೆ ಹದಿನೈದು ದಿನ ಮುಂಚೆ, ಹಸೆಮಣೆಯ ಎದುರಿಗೆ ನಾರಾಯಣಮ್ಮನ ದೊಡ್ಡ ಫೋಟೋ ಇರಲಿ ಎಂದು ನೀನು ಕೇಳಿದೆ. ನಮ್ಮ ಕಸುಬಿನ ಕಟ್ಟುಪಾಡು ನಾನೇ ನಿನಗೆ ಹನ್ನೆರಡನೆಯ ವಯಸ್ಸಿನಲ್ಲಿ ಕಲಿಸಿದ್ದೆ. ಸತ್ತವರ ಮೈಬಣ್ಣವನ್ನು ಬಾಯಿಮಾತಿನ ಮೇಲೆ ಹಾಕಬಾರದು. ದುಃಖದಲ್ಲಿರುವವರು ಎಣ್ಣೆಗಪ್ಪಿನವರನ್ನೂ ಗೋಧಿ ಬಣ್ಣ ಎಂದು ಹೇಳಿಬಿಡುತ್ತಾರೆ. ಒಡಹುಟ್ಟಿದವರನ್ನೋ ಮಕ್ಕಳನ್ನೋ, ಯಾರು ಅವರನ್ನು ಹೋಲುತ್ತಾರೋ ಅವರನ್ನು ಪೂರ್ವದ ಕಿಟಕಿಯ ಹತ್ತಿರ ಕೂರಿಸಬೇಕು. ಬಿಸಿಲು ತಾಕದ ಮುಂಗೈಯ ಒಳಭಾಗವನ್ನು ತಿರುಗಿಸಿ ತೋರಿಸಲು ಹೇಳಿ, ಆ ಬಣ್ಣಕ್ಕೆ ಸರಿಯಾಗಿ ಬೆರೆಸಬೇಕು. ಅದು ಸಾಕ್ಷಿ. ಸಾಕ್ಷಿ ಇಲ್ಲದೆ ನಾನು ಪರರ ಒಂದು ಮುಖಕ್ಕೂ ಕೈಹಾಕಿದವನಲ್ಲ. ಮನೆಯವಳ ಫೋಟೋಗೆ ಮಾತ್ರ ಸಾಕ್ಷಿ ಬೇಡವೆಂದುಕೊಂಡೆ. ಇಪ್ಪತ್ತಾರು ವರ್ಷ ಒಂದೇ ಕಂಬಳಿಯಡಿ ಮಲಗಿದವನಿಗೆ ಸಾಕ್ಷಿ ಯಾಕೆ ಎಂಬ ಸೊಕ್ಕು. ಮೂರು ದಿನ ಕೂತು ಮುಗಿಸಿದೆ. ನೀನು ಬಹಳ ಹೊತ್ತು ನೋಡಿದೆ. ಗಿರಾಕಿಗಳು ನಾಲ್ಕು ಜನ ಕೂತಿದ್ದರು, ಅದಕ್ಕೇ ದನಿ ತಗ್ಗಿಸಿಯೇ ಹೇಳಿದೆ. "ಅಪ್ಪ, ಇದು ಅಮ್ಮನ ಬಣ್ಣ ಅಲ್ಲ. ಆಸ್ಪತ್ರೇಲಿ ಕೊನೇ ಬೆಳಗ್ಗೆ ಇದ್ದ ಬಣ್ಣ." ಅಷ್ಟು ಹೇಳಿ ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ ಮುಂಗೈ ತಿರುಗಿಸಿ ನನ್ನ ಮುಂದೆ ಹಿಡಿದೆ. ಸಾಕ್ಷಿ ಇಲ್ಲೇ ಇದೆಯಲ್ಲ ಎಂದೆ ನೀನು. ನೀನು ಹುಟ್ಟಿದ ದಿನವೇ ಸೂಲಗಿತ್ತಿ ಪಟಾಲಮ್ಮ ನಿನ್ನನ್ನು ತಾಯಿಯ ಕೈಗೆ ಕೊಟ್ಟು, ಮಗು ಎಲ್ಲಿ ಮುಗೀತು ಕೈ ಎಲ್ಲಿ ಶುರುವಾಯ್ತು ಗೊತ್ತಾಗ್ತಿಲ್ಲವಲ್ಲಾ ಎಂದಿದ್ದಳು. ಅದೇ ಕೈ. ಆ ಕೈಯನ್ನು ನಾನು ತಳ್ಳಿಬಿಟ್ಟೆ. ಬಣ್ಣದ ತಟ್ಟೆ ಉರುಳಿ ನಿನ್ನ ಸೀರೆಯ ಮೇಲೆಲ್ಲ ಚೆಲ್ಲಿತು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನ್ ಹೆಂಡ್ತಿ ಬಣ್ಣ ನೀನ್ ನಂಗೆ ಹೇಳ್ಕೊಡ್ತೀಯಾ? ಇನ್ಮೇಲೆ ನನ್ ಕುಂಚ ಮುಟ್ಬೇಡ" ಎಂದೆ. ನಾಲ್ಕು ಜನರ ಎದುರಿಗೆ ಎಂದೆ. ಹಳದಿ ಕಣ್ಣು ಯಾರದಾಗಿತ್ತು ನೋಡು. ನೀನು ಅಳಲಿಲ್ಲ. ಚೆಲ್ಲಿದ್ದನ್ನು ಒರೆಸಿ, ತಟ್ಟೆ ತೊಳೆದು ಜಾಗದಲ್ಲಿಟ್ಟು ಮನೆಗೆ ಹೋದೆ. ಮದುವೆಯ ದಿನವೂ ಕಾಲಿಗೆ ನಮಸ್ಕಾರ ಮಾಡಿದೆಯೇ ಹೊರತು ಮುಖ ನೋಡಲಿಲ್ಲ. ನಾನೋ, ಗೆದ್ದವನ ಹಾಗೆ ಆ ಫೋಟೋವನ್ನೇ ಕಟ್ಟಿಸಿ ನಿನ್ನ ಪೆಟ್ಟಿಗೆಯ ಜೊತೆ ಗಾಡಿಗೆ ಹತ್ತಿಸಿದೆ.

ಆ ಮೂರು ವರ್ಷದ ಫೋಟೋಗಳನ್ನು ತಿದ್ದಲೇಬೇಕು ಎಂದು ಈಗ ಹೊರಟಿದ್ದೇನೆ. ಕಣ್ಣಿನ ದೆಸೆಯಿಂದ ಸೈಕಲ್ ತುಳಿಯುವಂತಿಲ್ಲ. ಮುಜಫ್ಫರ್ ತುಳಿಯುತ್ತಾನೆ, ನಾನು ಹಿಂದೆ ಬಣ್ಣದ ಪೆಟ್ಟಿಗೆ ತಬ್ಬಿಕೊಂಡು ಕೂರುತ್ತೇನೆ. ಗೊರಗುಂಟೆಪಾಳ್ಯದಿಂದ ಯಲಹಂಕದವರೆಗೆ ಇಬ್ಬರು ಮುದುಕರನ್ನು ನೋಡಿ ನಗದ ನಾಯಿಯಿಲ್ಲ. ಮೊದಲು ಕೆಂಪಾಪುರಕ್ಕೆ ಹೋದೆವು. ದ್ರಾಕ್ಷಿ ಚಪ್ಪರದ ನಡುವೆ ದಾರಿ. ಗೊಂಚಲುಗಳು ತಲೆಗೆ ತಾಗುತ್ತಿದ್ದವು. ನನ್ನ ಹೊಸ ಕಣ್ಣಿಗೆ ಆ ದ್ರಾಕ್ಷಿಯ ನೀಲಿ ಎಷ್ಟು ಕಾಣಿಸಿತೆಂದರೆ ಸೈಕಲ್ ನಿಲ್ಲಿಸು ಎಂದು ಇಳಿದುಬಿಟ್ಟೆ. ಎಲೆಯ ಮೂಲಕ ಬಿಸಿಲು ಸೋಸಿ ಬಂದು ಮುಜಫ್ಫರನ ಬಿಳಿ ಗಡ್ಡವೂ ಹಸಿರಾಗಿತ್ತು. ತೋಟದ ಮನೆಯ ಮುನಿಶಾಮಮ್ಮನ ಗಂಡನ ಫೋಟೋ ನಡುಮನೆಯಲ್ಲಿತ್ತು. ನನ್ನ ಕೈಯಿಂದಾದ ಅತ್ಯಂತ ಕೆಟ್ಟ ಕೆಲಸ ಅದೇ, ಅಪ್ಪಟ ನೀಲಿ. ಮುಂದೆ ದೀಪ, ಮೇಲೆ ಸೇವಂತಿಗೆ ಹಾರ. ತಪ್ಪಾಗಿದೆ, ತಿದ್ದಿಕೊಡುತ್ತೇನೆ, ಒಂದು ಕಾಸೂ ಬೇಡ ಎಂದೆ. ಆ ಮುದುಕಿ ಫೋಟೋಗೆ ಅಡ್ಡಲಾಗಿ ನಿಂತುಬಿಟ್ಟಳು. "ನಮ್ಮ ಯಜಮಾನ್ರು ದೇವ್ರಾಗವ್ರೆ ಕಣಣ್ಣ, ಅದ್ಕೇ ಮೈಯೆಲ್ಲ ನೀಲಿ ಬಂದೈತೆ. ನೀ ಮುಟ್ಟಬ್ಯಾಡ" ಎಂದಳು. ಊರವರೂ ಬಂದು ಕೈಮುಗಿದು ಹೋಗುತ್ತಾರಂತೆ. ಬದುಕಿದ್ದಾಗ ಆತ ಎಂಥ ಜಗಳಗಂಟ ಎಂದು ನನಗೆ ಗೊತ್ತು. ನನ್ನ ಕುರುಡಿನಿಂದ ಒಬ್ಬ ದೇವರೂ ಹುಟ್ಟಿಬಿಟ್ಟ. ನಾನೂ ಕೈಮುಗಿದೆ, ಅವಳು ಕೊಟ್ಟ ದ್ರಾಕ್ಷಿ ತಿಂದೆ, ಬಂದೆ.

ಪುಟ್ಟೇನಹಳ್ಳಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ಬೈರಮ್ಮ ಎಂಬಾಕೆಯ ಹಿರಿಯ ಮಗ ಜ್ವರದಿಂದ ತೀರಿಕೊಂಡಿದ್ದ. ಗಾಡಿ ಹೊಡೆಯುತ್ತಿದ್ದ ಮುನಿಯಣ್ಣ, ನೀನು ನೋಡಿದ್ದೀಯ. ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿ ನೇತುಹಾಕಿದ್ದಳು. ಕೇಳಿದರೆ, "ಅವ್ನು ಇಂಗಿರ್ಲಿಲ್ಲ ಅಂತ ಗೊತ್ತಿತ್ತು. ದೊಡ್ಡೋರು ಮಾಡಿರೋದು, ಏನಂತ ಯೋಳೋದು ಅಂತ ಸುಮ್ನಾದೆ" ಎಂದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅವನ ತಮ್ಮ ಹೊಲದಿಂದ ಬಂದು ಕೈ ತೊಳೆದು ಮುಂಗೈ ಕೊಟ್ಟ. ಕಿಟಕಿಯಿಂದ ಕೆರೆಯ ಬೆಳಕು ಬಂದು ಸೂರಿನ ಮೇಲೆ ಅಲೆಯಾಡುತ್ತಿತ್ತು. ಟರ್ಪೆಂಟೈನ್ ಹತ್ತಿಯಿಂದ ಹಳೆಯ ಬಣ್ಣ ಒರೆಸಿದೆ, ನೀಲಿ ಹತ್ತಿಗೆ ಬಂತು. ಅರಿಶಿನದ ನೀರಿನಷ್ಟು ತೆಳ್ಳಗೆ ಹಳದಿ ಹಾಸಿ ಅದರ ಮೇಲೆ ಇಟ್ಟಿಗೆ ಕೆಂಪನ್ನು ಉಸಿರಿನಷ್ಟು ಸವರಿದೆ. ನನ್ನ ಬಲಗಣ್ಣು ಈಗ ನೀಲಿಯನ್ನು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ, ಎಡಗಣ್ಣು ಇಲ್ಲವೆಂದೇ ಹೇಳುತ್ತದೆ. ಎರಡನ್ನೂ ನಂಬುವಂತಿಲ್ಲ. ಆದ್ದರಿಂದ ಜೀವನದಲ್ಲಿ ಮೊದಲನೆಯ ಸಲ ಪಕ್ಕದವರನ್ನು ಕೇಳಿದೆ, ಸಾಕಾ ತಾಯಿ, ಇನ್ನೂ ಸ್ವಲ್ಪ ಬೇಕಾ ಎಂದು. ಇನ್ನೊಂಚೂರು, ಇನ್ನೊಂಚೂರು ಎನ್ನುತ್ತ ಹೋದಳು. ಒಂದು ಗಳಿಗೆಯಲ್ಲಿ ಮಾತು ನಿಂತಿತು. ನಾನು ತಿರುಗಿ ನೋಡಿದರೆ ಆಕೆ ನನ್ನನ್ನು ಮರೆತು ಫೋಟೋದ ಹತ್ತಿರ ಬಾಗಿ, "ಉಂಡ್ಯೇನಪ್ಪ" ಎಂದು ಕೇಳುತ್ತಿದ್ದಳು. ಮುಜಫ್ಫರ್ ಎದ್ದು ಹೊರಗೆ ಹೋದ. ನನ್ನ ಹೊಸ ಕನ್ನಡಕ ಮಂಜಾಯಿತು, ಒರೆಸಲು ನನಗೆ ಒಣಗಿದ ಬಟ್ಟೆಯೇ ಸಿಗಲಿಲ್ಲ.

ಇನ್ನು ಹನ್ನೊಂದು ಮನೆಗಳಿವೆ, ಒಂದೊಂದಾಗಿ ಮುಗಿಸುತ್ತೇನೆ. ನೀನು ಅಮ್ಮನ ಫೋಟೋವನ್ನು ಗೋಡೆಗೆ ಹಾಕದೆ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ ಇಟ್ಟಿದ್ದೀಯೆಂದು ಪಟಾಲಮ್ಮ ಆ ಕಡೆ ಬಂದಿದ್ದಾಗ ನೋಡಿ ನನಗೆ ಹೇಳಿದ್ದಳು. ಆಗ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ, ಎಂಥ ಕಲ್ಲುಮನಸ್ಸಿನ ಮಗಳು ಎಂದು ಸಿಕ್ಕವರಿಗೆಲ್ಲ ಹೇಳಿದ್ದೆ. ಈಗ ಅದನ್ನೂ ಮನೆಮನೆಗೆ ಹೋಗಿ ತಿದ್ದಬೇಕಾಗಿದೆ. ತಾಯಿಯ ಕೊನೆಯ ಬೆಳಗನ್ನು ದಿನಾ ಬೆಳಗ್ಗೆ ಎದ್ದು ಯಾರು ನೋಡುತ್ತಾರೆ? ನೀನು ಮಾಡಿದ್ದೇ ಸರಿ. ತಪ್ಪು ನನ್ನದು ರತ್ನ. ಪೊರೆಯದ್ದು ಅರ್ಧ, ಉಳಿದರ್ಧ ನನ್ನದೇ. ಪೊರೆ ಬಂದದ್ದಕ್ಕೆ ನಾನು ಹೊಣೆಯಲ್ಲ, ಕೈ ತಳ್ಳಿದ್ದಕ್ಕೆ ಹೊಣೆ.

ಮನೆಯ ಹಿಂದಿನ ಸೀಬೆ ಗಿಡ ಈ ಸಲ ಮೈತುಂಬ ಬಿಟ್ಟಿದೆ, ಗಿಣಿಗಳು ನಮಗೆ ಉಳಿಸಿದಷ್ಟು ನಮ್ಮದು. ಟಾಟಾ ಇನ್‌ಸ್ಟಿಟ್ಯೂಟಿನ ಕಡೆಯ ಸಾಲುಮರಗಳು ಚಿಗುರಿವೆ. ಆ ಚಿಗುರಿನ ಕೆಂಪನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ, ದಿನಾ ಸಂಜೆ ಅಲ್ಲಿಗೆ ಸುಮ್ಮನೆ ಹೋಗಿ ನಿಲ್ಲುತ್ತೇನೆ. ನಿನ್ನ ಕೋಣೆಯನ್ನು ದಿಲ್ಶಾದ್ ಗುಡಿಸಿಟ್ಟಿದ್ದಾಳೆ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು, ಊರಲ್ಲಿರುವ ನಿನ್ನ ಅತ್ತೆಯವರಿಗೂ ತಿಳಿಸು. ನಿನ್ನ ಕೆನ್ನೆಗೆ ಬಣ್ಣ, ಕೈಗೆ ಬಳೆ, ಮನೆಗೆ ನಗು ಯಾವತ್ತೂ ಕಡಿಮೆಯಾಗದಿರಲಿ ಎಂದು ಹರಸುವ,

ನಿನ್ನ ಅಪ್ಪ,
ಚಿಕ್ಕಬೈರಪ್ಪ

ಮರೆತ ಮಾತು: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಎಡಗಣ್ಣಿನ ಆಪರೇಷನ್ ಇದೇ ಇಪ್ಪತ್ತನಾಲ್ಕನೇ ತಾರೀಕು, ಬುಧವಾರ. ಅದಕ್ಕೆ ಎರಡು ದಿನ ಮುಂಚೆಯಾದರೂ ಬಾ. ಬರುವಾಗ ಅಮ್ಮನನ್ನು ಟ್ರಂಕಿನಿಂದ ತೆಗೆದು ಕರೆದುಕೊಂಡು ಬಾ. ನನ್ನ ಎಡಗಣ್ಣಿಗೆ ಅವಳು ಆ ಫೋಟೋದಲ್ಲಿ ಇನ್ನೂ ಚೆನ್ನಾಗಿಯೇ ಇರುತ್ತಾಳೆ. ಆ ಪೊರೆಯೂ ಹೋಗುವ ಮುಂಚೆ ಒಮ್ಮೆ ನೋಡಿಬಿಡುತ್ತೇನೆ. ಆಮೇಲೆ ನೀನೇ ಒರೆಸು, ನೀನೇ ಬಣ್ಣ ಹಾಕು. ಎಡಗೈ ಸಾಕ್ಷಿಗೆ, ಬಲಗೈ ಕುಂಚಕ್ಕೆ. ನಾನು ತಟ್ಟೆ ಹಿಡಿದು ಕೂರುತ್ತೇನೆ, ಬಾಯಿ ಬಿಡುವುದಿಲ್ಲ. ಕುಂಚಗಳನ್ನೆಲ್ಲ ತೊಳೆದು ಒಣಗಿಸಿದ್ದೇನೆ. ಬೆಳಗ್ಗೆ ಒಂಬತ್ತು ಗಂಟೆಗೆ ಪೂರ್ವದ ಕಿಟಕಿಯಲ್ಲಿ ಬೆಳಕು ಚೆನ್ನಾಗಿರುತ್ತದೆ.